ಲೀಡ್ಸ್ ಸುತ್ತಮುತ್ತ ಕುಟುಂಬಕ್ಕೊಂದು ನೆಲೆ: ರೌಂಡ್‌ಹೇ, ಹಾರ್ಸ್‌ಫರ್ತ್, ಗಾರ್‌ಫರ್ತ್, ಇಲ್ಕ್ಲಿ, ಹ್ಯಾರೋಗೇಟ್‌ಗಳ ನಡುವೆ ಆಯ್ಕೆ

ಇಂಗ್ಲೆಂಡಿನ ಲೀಡ್ಸಿನಲ್ಲಿ ಕೆಲಸ ಸಿಕ್ಕಿದೆ, ಮನೆ ಎಲ್ಲಿ ಮಾಡುವುದು ಎಂದು ಕೇಳುವವರು ಆಸ್ಪತ್ರೆಗೆ ಸೇರುವ ವೈದ್ಯರಾಗಿರಲಿ, ದಾದಿಯರಾಗಿರಲಿ, ವಿಶ್ವವಿದ್ಯಾಲಯಕ್ಕೆ ಬರುವ ಸಂಶೋಧಕರಾಗಿರಲಿ, ಸಾಫ್ಟ್‌ವೇರ್ ಕೆಲಸದವರಾಗಿರಲಿ, ಅವರ ಮೊದಲ ಪ್ರಶ್ನೆ ಮಾತ್ರ ಒಂದೇ ಆಗಿರುತ್ತದೆ: ಕೆಲಸದ ಜಾಗಕ್ಕೆ ಎಷ್ಟು ದೂರ? ಹುಡುಕಾಟವನ್ನು ಈ ಪ್ರಶ್ನೆಯಿಂದ ಆರಂಭಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಲಸಕ್ಕೆ ಹೋಗುವವರಿಗೆ ಬೆಳಗಾದರೆ ಹೋಗಲು ಒಂದು ಜಾಗ, ಮಾತನಾಡಲು ನಾಲ್ಕು ಜನ ಮೊದಲ ದಿನದಿಂದಲೇ ಇರುತ್ತಾರೆ. ಅವರ ಜೊತೆಗೆ ಬರುವ ಸಂಗಾತಿಗೆ, ಹೊಸ ಭಾಷೆಯ ಉಚ್ಚಾರಕ್ಕೆ ಕಿವಿಗೊಟ್ಟು ಕೂರಬೇಕಾದ ಮಗುವಿಗೆ, ಕೆಲವು ತಿಂಗಳ ಮಟ್ಟಿಗೆ ಬಂದಿರುವ ಅಜ್ಜ ಅಜ್ಜಿಯರಿಗೆ ಆ ಅನುಕೂಲವಿಲ್ಲ. ಮನೆಯಲ್ಲಿ ಯಾರಿಗೆ ಓಡಾಟದ ಸ್ವಾತಂತ್ರ್ಯ ಎಲ್ಲರಿಗಿಂತ ಕಡಿಮೆಯೋ, ಅವರು ನವೆಂಬರ್ ತಿಂಗಳ ಒಂದು ಸಾಮಾನ್ಯ ಮಂಗಳವಾರವನ್ನು ಆ ಊರಿನಲ್ಲಿ ಹೇಗೆ ಕಳೆಯುತ್ತಾರೆ ಎಂದು ಗಂಟೆ ಗಂಟೆಯಾಗಿ ಯೋಚಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುವುದು ಸರಿಯಾದ ಕ್ರಮ.

ಮೊದಲ ವರ್ಷದ ಓಡಾಟ

ಭಾರತದ ಚಾಲನಾ ಪರವಾನಗಿಯನ್ನು ಬ್ರಿಟನ್ನಿನಲ್ಲಿ ನೆಲೆಸಿದ ಮೇಲೆ 12 ತಿಂಗಳವರೆಗೆ ಮಾತ್ರ ಬಳಸಬಹುದು. ಆ ಬಳಿಕ, ಊರಿನಲ್ಲಿ ಇಪ್ಪತ್ತು ವರ್ಷ ಕಾರು ಓಡಿಸಿದ್ದವರೂ ಅಲ್ಲಿನ ಥಿಯರಿ ಪರೀಕ್ಷೆ ಮತ್ತು ರಸ್ತೆ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ರಸ್ತೆ ಪರೀಕ್ಷೆಯ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಹೊಸದಾಗಿ ಪರವಾನಗಿ ಪಡೆದವರಿಗೆ ವಿಮೆಯೂ ದುಬಾರಿ. ಕೊಂಡ ಒಂದೇ ಕಾರು ಹೆಚ್ಚಾಗಿ ಕೆಲಸಕ್ಕೆ ಹೋಗುವವರ ಜೊತೆಯಲ್ಲೇ ಹೋಗಿಬಿಡುವುದರಿಂದ, ಮನೆಯಲ್ಲಿ ಉಳಿದವರಿಗೆ ಬಸ್ಸು, ರೈಲು ಮತ್ತು ಸ್ವಂತ ಕಾಲುಗಳೇ ಗತಿ.

ಇಷ್ಟು ದೊಡ್ಡ ನಗರವಾದರೂ ಲೀಡ್ಸಿನಲ್ಲಿ ಮೆಟ್ರೊ ಇಲ್ಲ, ಟ್ರಾಮ್ ಕೂಡ ಇಲ್ಲ. ಹಳೆಯ ಟ್ರಾಮುಗಳು 1959ರಲ್ಲಿ ನಿಂತುಹೋದವು. ಸೂಪರ್‌ಟ್ರಾಮ್ ಎಂಬ ಯೋಜನೆಯನ್ನು ಸರ್ಕಾರ 2005ರಲ್ಲಿ ಕೈಬಿಟ್ಟಿತು, ಅದರ ಬದಲಿಗೆ ಬಂದ ಟ್ರಾಲಿಬಸ್ ಯೋಜನೆ 2016ರಲ್ಲಿ ತಿರಸ್ಕೃತವಾಯಿತು. ಈಗ ಮತ್ತೊಮ್ಮೆ ಟ್ರಾಮಿನ ಮಾತು ನಡೆದಿದೆ. ಅದು ಬರಲಿ ಎಂದು ನಾನೂ ಮನಸಾರೆ ಬಯಸುತ್ತೇನೆ, ಆದರೆ ಯೋಜನೆಯ ನಕಾಶೆಯಲ್ಲಿ ಒಂದು ನಿಲ್ದಾಣ ಕಂಡಿತೆಂಬ ಕಾರಣಕ್ಕೆ ಯಾರೂ ಮನೆ ಹಿಡಿಯಬಾರದು. ಇಂದು ನಿಜವಾಗಿ ಇರುವುದು ಬಸ್ಸುಗಳು ಮತ್ತು ಲೀಡ್ಸ್ ನಿಲ್ದಾಣದಿಂದ ಹೊರಡುವ ಉಪನಗರ ರೈಲು ಮಾರ್ಗಗಳು: ವಾಯವ್ಯಕ್ಕೆ ಗೈಸ್ಲಿಯ ಮೂಲಕ ಇಲ್ಕ್ಲಿಗೆ ಒಂದು, ಶಿಪ್ಲಿ, ಸಾಲ್ಟೇರ್, ಬಿಂಗ್ಲಿಗಳ ಮೂಲಕ ಸ್ಕಿಪ್ಟನ್ನಿಗೆ ಇನ್ನೊಂದು, ಹೆಡಿಂಗ್ಲಿ ಮತ್ತು ಹಾರ್ಸ್‌ಫರ್ತ್ ದಾಟಿ ಹ್ಯಾರೋಗೇಟಿಗೆ ಮತ್ತೊಂದು, ಪೂರ್ವಕ್ಕೆ ಗಾರ್‌ಫರ್ತ್ ಹಾದು ಯಾರ್ಕಿಗೆ ಮಗದೊಂದು. ಮನೆ ಹುಡುಕುವ ಮೊದಲು ಈ ಮಾರ್ಗಗಳನ್ನು ನಕಾಶೆಯ ಮೇಲೆ ಗುರುತು ಹಾಕಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಶಾಲೆ: ಹೆಸರಿಗಿಂತ ಮೊದಲು ಸೀಟು

ಹೊಸಬರು ಹೆಚ್ಚು ಎಡವುವುದು ಶಾಲೆಯ ವಿಷಯದಲ್ಲಿ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಶುಲ್ಕವಿಲ್ಲ, ಡೊನೇಷನ್ನಿನ ಪ್ರಶ್ನೆಯೂ ಇಲ್ಲ. ಆದರೆ ಸೀಟು ಸಿಗುವುದು ಬಹುಮಟ್ಟಿಗೆ ವಿಳಾಸದ ಮೇಲೆ. ಶಾಲೆಗೆ ಮನೆ ಎಷ್ಟು ಹತ್ತಿರ, ಶಾಲೆಗೆಂದು ಗೊತ್ತುಪಡಿಸಿದ ಪ್ರದೇಶದೊಳಗೆ ಇದೆಯೇ, ಅಣ್ಣನೋ ಅಕ್ಕನೋ ಆಗಲೇ ಅಲ್ಲಿ ಓದುತ್ತಿದ್ದಾರೆಯೇ ಎಂಬುದನ್ನು ನೋಡುತ್ತಾರೆ. ತರಗತಿಯನ್ನು ನಿರ್ಧರಿಸುವುದು ಮಗುವಿನ ವಯಸ್ಸು, ಊರಿನಲ್ಲಿ ಮುಗಿಸಿ ಬಂದ ಕ್ಲಾಸಲ್ಲ. ಶಾಲಾ ವರ್ಷದ ಗಡಿ ದಿನ ಸೆಪ್ಟೆಂಬರ್ 1. ಪ್ರಾಥಮಿಕ ಶಾಲೆಯ ಮೊದಲ ತರಗತಿಯಾದ ರಿಸೆಪ್ಷನ್‌ಗೆ ಅರ್ಜಿ ಹಾಕಲು ಜನವರಿ 15, ಮಾಧ್ಯಮಿಕ ಶಾಲೆಗೆ ಅಕ್ಟೋಬರ್ 31 ಕೊನೆಯ ದಿನ.

ನಮ್ಮ ಜನ ಬರುವುದು ಈ ಪಂಚಾಂಗವನ್ನು ನೋಡಿಕೊಂಡಲ್ಲ. ವೀಸಾ ಯಾವಾಗ ಬಂದಿತೋ ಆಗ ಹೊರಡುತ್ತಾರೆ. ವರ್ಷದ ನಡುವೆ ಬಂದ ಮಗುವಿಗೆ ಎಲ್ಲಿ ಸೀಟು ಖಾಲಿ ಇದೆಯೋ ಅಲ್ಲಿ ಮಾತ್ರ ಪ್ರವೇಶ. ರಿಸೆಪ್ಷನ್, ಒಂದು ಮತ್ತು ಎರಡನೆಯ ವರ್ಷದ ತರಗತಿಗಳಲ್ಲಿ ಒಬ್ಬ ಶಿಕ್ಷಕರಿಗೆ 30 ಮಕ್ಕಳನ್ನು ಮೀರಬಾರದೆಂಬ ಕಾನೂನೇ ಇರುವುದರಿಂದ, ಮುಖ್ಯೋಪಾಧ್ಯಾಯರು ಬಯಸಿದರೂ ಒಂದು ಕುರ್ಚಿ ಹೆಚ್ಚಿಗೆ ಹಾಕಲಾರರು. ಒಳ್ಳೆಯ ಹೆಸರಿನ ಶಾಲೆಯ ಬೀದಿಯಲ್ಲೇ ಹೆಚ್ಚು ಬಾಡಿಗೆ ಕೊಟ್ಟು ಮನೆ ಹಿಡಿದು, ಆ ಶಾಲೆ ತುಂಬಿದೆ ಎಂದು ತಿಳಿದ ಮೇಲೆ ಇಬ್ಬರು ಮಕ್ಕಳನ್ನು ಎರಡು ದಿಕ್ಕಿನ ಎರಡು ಶಾಲೆಗಳಿಗೆ ಬಸ್ಸಿನಲ್ಲಿ ಕರೆದೊಯ್ಯುವ ತಾಯಂದಿರ ಪಾಡು ಕಂಡವರಿಗೆ ಗೊತ್ತು. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಆಯಾ ಕೌನ್ಸಿಲ್ಲಿನ, ಅಂದರೆ ಸ್ಥಳೀಯ ಆಡಳಿತದ, ಪ್ರವೇಶ ವಿಭಾಗಕ್ಕೆ ಬರೆದು, ನಿಮ್ಮ ಮಕ್ಕಳ ತರಗತಿಗಳಲ್ಲಿ ಯಾವ ಶಾಲೆಗಳಲ್ಲಿ ಸ್ಥಳವಿದೆ ಎಂದು ಕೇಳಿ. ಈ ಒಂದು ಪತ್ರವು ಹತ್ತು ಮನೆಗಳನ್ನು ನೋಡುವುದಕ್ಕಿಂತ ಹೆಚ್ಚು ಬೆಲೆಬಾಳುತ್ತದೆ.

ಶಾಲೆ ಬಿಡುವುದು ಮಧ್ಯಾಹ್ನ ಮೂರು, ಮೂರೂಕಾಲಕ್ಕೆ. ಇಬ್ಬರೂ ದುಡಿಯುವ ಮನೆಯಲ್ಲಿ ಆ ಹೊತ್ತಿಗೆ ಮಗುವನ್ನು ಕರೆತರಲು ಅಜ್ಜಿಯಿಲ್ಲ, ಪಕ್ಕದ ಮನೆಯ ಅತ್ತೆಯಿಲ್ಲ. ಬೆಳಗಿನ ಉಪಾಹಾರದ ಕ್ಲಬ್ಬು ಮತ್ತು ಸಂಜೆಯ ಆರೈಕೆಯ ವ್ಯವಸ್ಥೆ ಆ ಶಾಲೆಯಲ್ಲಿದೆಯೇ, ಅದರಲ್ಲೂ ಜಾಗವಿದೆಯೇ ಎಂಬುದನ್ನು ಅದೇ ಪತ್ರದ ಜೊತೆಗೆ ಶಾಲೆಗೂ ಬರೆದು ವಿಚಾರಿಸಬೇಕು.

ಹೆಸರುಗಳ ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ಗ್ರಾಮರ್ ಸ್ಕೂಲ್ ಎಂದರೆ ಪ್ರವೇಶ ಪರೀಕ್ಷೆ ಬರೆಸಿ ಆರಿಸಿಕೊಳ್ಳುವ ಸರ್ಕಾರಿ ಶಾಲೆ ಎಂದು ನಮ್ಮವರು ಓದಿಕೊಂಡು ಬಂದಿರುತ್ತಾರೆ. ಇಲ್ಕ್ಲಿ ಗ್ರಾಮರ್, ಹ್ಯಾರೋಗೇಟ್ ಗ್ರಾಮರ್, ಆಟ್ಲಿಯ ಪ್ರಿನ್ಸ್ ಹೆನ್ರೀಸ್ ಗ್ರಾಮರ್ ಇವು ಮೂರೂ ಹೆಸರಿಗೆ ಮಾತ್ರ ಹಾಗೆ. ಪರೀಕ್ಷೆಯಿಲ್ಲದೆ ಎಲ್ಲ ಮಕ್ಕಳನ್ನೂ ಸೇರಿಸಿಕೊಳ್ಳುವ ಶಾಲೆಗಳು. ಲೀಡ್ಸ್ ಕೌನ್ಸಿಲ್ಲಿನ ವ್ಯಾಪ್ತಿಯಲ್ಲಿ ಪರೀಕ್ಷೆಯ ಸರ್ಕಾರಿ ಶಾಲೆಗಳಿಲ್ಲ. ದಿ ಗ್ರಾಮರ್ ಸ್ಕೂಲ್ ಅಟ್ ಲೀಡ್ಸ್ ಮತ್ತು ಬ್ರಾಡ್‌ಫರ್ಡ್ ಗ್ರಾಮರ್ ಖಾಸಗಿಯವು, 2025ರ ಜನವರಿಯಿಂದ ಖಾಸಗಿ ಶಾಲೆಗಳ ಶುಲ್ಕಕ್ಕೆ ಶೇಕಡಾ 20ರ ವ್ಯಾಟ್ ಕೂಡ ಸೇರಿದೆ. ನಿಜವಾಗಿ ಪರೀಕ್ಷೆ ನಡೆಸುವ ಸರ್ಕಾರಿ ಶಾಲೆಗಳು ಬೇಕೆಂದರೆ ಸ್ಕಿಪ್ಟನ್, ರಿಪನ್, ಹ್ಯಾಲಿಫ್ಯಾಕ್ಸ್ ಮತ್ತು ಹೆಕ್‌ಮಂಡ್‌ವೈಕ್‌ಗಳ ಕಡೆ ನೋಡಬೇಕು. ಮಗುವಿಗೆ ಒಂಬತ್ತೋ ಹತ್ತೋ ವಯಸ್ಸಾಗಿದ್ದು ಈ ಪರೀಕ್ಷೆಯೇ ಮುಖ್ಯವೆಂದು ನೀವು ನಿರ್ಧರಿಸಿದ್ದರೆ ಮಾತ್ರ ಅದಕ್ಕಾಗಿ ಊರು ಆರಿಸಿಕೊಳ್ಳಿ. ನನ್ನ ಮಟ್ಟಿಗೆ, ನೆಲವೇ ಹೊಸದಾಗಿರುವ ಮೊದಲ ವರ್ಷದಲ್ಲಿ ಮಗುವಿನ ತಲೆಯ ಮೇಲೆ ಇನ್ನೊಂದು ಪರೀಕ್ಷೆಯನ್ನು ಹೊರಿಸುವುದು ಬೇಡ.

ಊರುಗಳು, ಒಂದೊಂದಾಗಿ

ನಗರದ ಈಶಾನ್ಯಕ್ಕಿರುವ ರೌಂಡ್‌ಹೇ, ಅದರ ಅಕ್ಕಪಕ್ಕದ ಓಕ್‌ವುಡ್, ಮೂರ್‌ಟೌನ್ ಮತ್ತು ಚಾಪಲ್ ಆಲರ್ಟನ್‌ಗಳನ್ನು ಒಟ್ಟಾಗಿ ನೋಡಬಹುದು. ಮೇಲ್ತಂತಿಯಿಂದ ಓಡುವ ಬ್ರಿಟನ್ನಿನ ಮೊದಲ ವಿದ್ಯುತ್ ಟ್ರಾಮ್ 1891ರಲ್ಲಿ ಬಂದದ್ದು ಈ ರೌಂಡ್‌ಹೇ ಕಡೆಗೇ. ಇಂದು ಇಲ್ಲಿ ಟ್ರಾಮೂ ಇಲ್ಲ, ರೈಲು ನಿಲ್ದಾಣವೂ ಇಲ್ಲ, ಬಸ್ಸೊಂದೇ ದಾರಿ. ಹಾಗಿದ್ದರೂ ಕಾರಿಲ್ಲದ ಸಂಗಾತಿಗೆ ಮತ್ತು ಅಜ್ಜ ಅಜ್ಜಿಯರಿಗೆ ಇದಕ್ಕಿಂತ ಅನುಕೂಲದ ಜಾಗ ಲೀಡ್ಸಿನಲ್ಲಿ ಇಲ್ಲವೆಂದೇ ನಾನು ಹೇಳುತ್ತೇನೆ. ನಗರದ ಮಧ್ಯಕ್ಕೆ ಹೋಗುವ ಬಸ್ಸುಗಳು ಮೇಲಿಂದ ಮೇಲೆ ಬರುತ್ತವೆ. ಹೇರ್‌ಹಿಲ್ಸ್ ಮತ್ತು ರೌಂಡ್‌ಹೇ ರಸ್ತೆಯುದ್ದಕ್ಕೂ ಇರುವ ದಕ್ಷಿಣ ಏಷ್ಯಾದ ದಿನಸಿ ಅಂಗಡಿಗಳಲ್ಲಿ ತೊಗರಿಬೇಳೆ, ಹುಣಸೆಹಣ್ಣು, ಕರಿಬೇವು ಸಿಗುತ್ತವೆ. ಜಿಮ್ಮೀಸ್ ಎಂದು ಊರವರು ಕರೆಯುವ ಸೇಂಟ್ ಜೇಮ್ಸ್ ಆಸ್ಪತ್ರೆ ಇಲ್ಲಿಂದ ದೂರವಲ್ಲ. ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಇದು ಸಣ್ಣ ಮಾತಲ್ಲ. 1872ರಲ್ಲಿ ಸಾರ್ವಜನಿಕರಿಗೆ ತೆರೆದ ರೌಂಡ್‌ಹೇ ಪಾರ್ಕ್ 700 ಎಕರೆಗೂ ಹೆಚ್ಚಿನದು, ಕೆರೆಗಳಿವೆ, ಕಾಡಿದೆ, ಹುಡುಗರು ಕ್ರಿಕೆಟ್ ಆಡುವ ಬಯಲಿದೆ. ಹಲವು ಧರ್ಮಗಳ, ಹಲವು ದೇಶಗಳ ಕುಟುಂಬಗಳು ತಲೆಮಾರುಗಳಿಂದ ಈ ಭಾಗದಲ್ಲಿ ನೆಲೆಸಿರುವುದರಿಂದ, ಶಾಲೆಯಲ್ಲಿ ತನ್ನ ಹಾಗೆ ಕಾಣುವವರು ಇನ್ನೊಬ್ಬರಿಲ್ಲ ಎಂಬ ಭಾವ ಮಗುವಿಗೆ ಬರುವುದಿಲ್ಲ. ನಾಲ್ಕು ವರ್ಷದಿಂದ ಹದಿನೆಂಟರವರೆಗೆ ಒಂದೇ ಸಂಸ್ಥೆಯಲ್ಲಿ ಓದಿಸುವ ರೌಂಡ್‌ಹೇ ಸ್ಕೂಲಿಗೆ ಬೇಡಿಕೆ ಬಹಳ, ಆದ್ದರಿಂದ ಮೇಲೆ ಹೇಳಿದ ಎಚ್ಚರ ಇಲ್ಲಿಗೆ ಎರಡು ಪಟ್ಟು ಅನ್ವಯಿಸುತ್ತದೆ.

ಇದೇ ಭಾಗದಲ್ಲಿ ಒಂದು ಮೈಲಿ ಆಚೀಚೆಯಾದರೂ ಮನೆಯ ಬಗೆ ಪೂರ್ತಿ ಬದಲಾಗುತ್ತದೆ. ಹೇರ್‌ಹಿಲ್ಸ್‌ನಲ್ಲಿ ಬಾಡಿಗೆ ಕಡಿಮೆ ಎಂದು ಕಂಡರೆ, ಅದು ಲೀಡ್ಸಿನ ವಿಶಿಷ್ಟವಾದ ಬೆನ್ನಿಗೆ ಬೆನ್ನು ತಾಗಿಸಿದ ಸಾಲುಮನೆಯೇ ಎಂದು ನೋಡಿಕೊಳ್ಳಿ. ಮೂರು ಗೋಡೆಗಳನ್ನು ನೆರೆಮನೆಗಳೊಂದಿಗೆ ಹಂಚಿಕೊಳ್ಳುವ ಈ ಮನೆಗಳಿಗೆ ಹಿತ್ತಿಲಿಲ್ಲ, ಕಿಟಕಿಗಳಿರುವುದು ಒಂದೇ ಮುಖಕ್ಕೆ, ಗಾಳಿ ಅಡ್ಡ ಹಾಯುವುದಿಲ್ಲ. ಚಳಿಗಾಲದಲ್ಲಿ ಒಳಗೇ ಬಟ್ಟೆ ಒಣಗಿಸಿ, ಒಳಗೇ ಒಗ್ಗರಣೆ ಹಾಕುವ ನಮ್ಮ ಸಂಸಾರಕ್ಕೆ ಅಲ್ಲಿ ಗೋಡೆಯ ತೇವ ಮತ್ತು ಬೂಷ್ಟು ಬೇಗ ಕಾಣಿಸಿಕೊಳ್ಳುತ್ತವೆ.

ವಾಯವ್ಯದ ಹಾರ್ಸ್‌ಫರ್ತ್ ರೌಂಡ್‌ಹೇಗೆ ನಿಜವಾದ ಪ್ರತಿಸ್ಪರ್ಧಿ. ಹ್ಯಾರೋಗೇಟ್ ಮಾರ್ಗದ ರೈಲು ಇಲ್ಲಿಂದ ಸುಮಾರು ಕಾಲು ಗಂಟೆಯಲ್ಲಿ ಲೀಡ್ಸಿನ ನಡುವೆ ಇಳಿಸುತ್ತದೆ. ಟೌನ್ ಸ್ಟ್ರೀಟ್ ಎಂಬ ಅಂಗಡಿಬೀದಿಯಲ್ಲಿ ನಿತ್ಯದ ಬೇಕುಬೇಡಗಳೆಲ್ಲ ನಡೆದಾಡಿಯೇ ಮುಗಿಯುತ್ತವೆ, ಪಕ್ಕದಲ್ಲೇ ಹಾಲ್ ಪಾರ್ಕ್ ಇದೆ. ಆದರೆ ನಕಾಶೆ ಹೇಳದ ಎರಡು ಸಂಗತಿಗಳಿವೆ. ರೈಲು ನಿಲ್ದಾಣ ಇರುವುದು ಊರಿನ ಉತ್ತರದ ಅಂಚಿನಲ್ಲಿ, ಏರಿನ ಮೇಲೆ. ಕೆಳಭಾಗದಲ್ಲಿ ಮನೆ ಹಿಡಿದರೆ ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಆ ಏರನ್ನು ದಿನವೂ ಹತ್ತಬೇಕು. ಎರಡನೆಯದು ಯೆಡನ್ನಿನಲ್ಲಿರುವ ಲೀಡ್ಸ್ ಬ್ರಾಡ್‌ಫರ್ಡ್ ವಿಮಾನ ನಿಲ್ದಾಣ: ಆಗ್ನೇಯದಿಂದ ಇಳಿಯುವ ವಿಮಾನಗಳು ಈ ಕಡೆಯ ಮನೆಗಳ ಮೇಲೆಯೇ ಬರುತ್ತವೆ, ಆದ್ದರಿಂದ ಮನೆ ನೋಡಲು ಹೋದಾಗ ಅಂಗಳದಲ್ಲಿ ಅರ್ಧ ಗಂಟೆ ನಿಂತು ಕೇಳಿಸಿಕೊಳ್ಳಿ. ಕೆಲಸ ನಗರದ ಮಧ್ಯದಲ್ಲೋ ವಿಶ್ವವಿದ್ಯಾಲಯದಲ್ಲೋ ಇದ್ದು ಮಕ್ಕಳು ಚಿಕ್ಕವರಾಗಿದ್ದರೆ ಹಾರ್ಸ್‌ಫರ್ತ್, ಕೆಲಸ ಜಿಮ್ಮೀಸ್‌ನಲ್ಲಿದ್ದು ಹಿರಿಯರು ಬಂದುಹೋಗುವ ಮನೆಯಾದರೆ ರೌಂಡ್‌ಹೇ ಕಡೆ ಎಂದು ನಾನು ಸಲಹೆ ಕೊಡುತ್ತೇನೆ.

ಗಾರ್‌ಫರ್ತ್ ಬಗ್ಗೆ ಯಾರೂ ಹೊಗಳಿ ಬರೆಯುವುದಿಲ್ಲ, ಆದರೆ ತರಬೇತಿಯಲ್ಲಿರುವ ವೈದ್ಯರಿಗೆ ನಾನು ಮೊದಲು ಹೇಳುವ ಹೆಸರು ಅದೇ. ಅಂಥವರ ಕೆಲಸದ ಜಾಗ ಒಂದೇ ಕಡೆ ನಿಲ್ಲುವುದಿಲ್ಲ. ಒಂದು ಸರದಿ ಲೀಡ್ಸಿನಲ್ಲಾದರೆ ಮುಂದಿನದು ವೇಕ್‌ಫೀಲ್ಡಿನ ಪಿಂಡರ್‌ಫೀಲ್ಡ್ಸ್ ಆಸ್ಪತ್ರೆಯಲ್ಲೋ ಯಾರ್ಕಿನಲ್ಲೋ ಇರಬಹುದು. ಎಂ1 ಹೆದ್ದಾರಿಯ ಪಕ್ಕದಲ್ಲಿರುವ, ಗಾರ್‌ಫರ್ತ್ ಮತ್ತು ಈಸ್ಟ್ ಗಾರ್‌ಫರ್ತ್ ಎಂಬ ಎರಡು ರೈಲು ನಿಲ್ದಾಣಗಳನ್ನು ಹೊಂದಿರುವ ಈ ಊರಿನಿಂದ ವೈದ್ಯರು ಕಾರಿನಲ್ಲಿ ಹೊರಟರೂ ಮನೆಯವರು ರೈಲಿನಲ್ಲಿ ಲೀಡ್ಸಿಗೋ ಯಾರ್ಕಿಗೋ ಹೋಗಿಬರಬಹುದು, ಮಕ್ಕಳ ಶಾಲೆಯನ್ನು ಬದಲಿಸಬೇಕಾಗಿಲ್ಲ. ಮನೆಗಳು ಅದೇ ಗಾತ್ರಕ್ಕೆ ಉತ್ತರದ ಉಪನಗರಗಳಿಗಿಂತ ಅಗ್ಗ. ಕೊರತೆಯೆಂದರೆ ನಮ್ಮ ಕಡೆಯ ಜನ ಮತ್ತು ನಮ್ಮ ಕಡೆಯ ಅಂಗಡಿ ವಿರಳ. ಎಂ62 ಹೆದ್ದಾರಿಗೆ ಹತ್ತಿರವಾದ ಮಾರ್ಲಿಯೂ, ಬ್ರಾಡ್‌ಫರ್ಡಿನ ಕಡೆಗಿರುವ ಪಡ್ಸಿಯೂ ಇದೇ ಬಗೆಯ ಲೆಕ್ಕಾಚಾರದ ಊರುಗಳು. ಅದರಲ್ಲಿ ಪಡ್ಸಿಯಿಂದ ಬ್ರಾಡ್‌ಫರ್ಡಿನ ದಿನಸಿ ಅಂಗಡಿಗಳೂ ದೇವಸ್ಥಾನವೂ ಹತ್ತಿರ.

ಇಲ್ಕ್ಲಿಯನ್ನು ಒಮ್ಮೆ ಬೇಸಿಗೆಯಲ್ಲಿ ನೋಡಿದವರು ಮರುಳಾಗದೆ ಇರಲಾರರು. ಕಲ್ಲಿನ ಮನೆಗಳ ಸಾಲು, ಮೇಲೆ ಹೂಬಿಟ್ಟ ಹೆದರ್ ಗಿಡಗಳಿಂದ ನೇರಳೆಯಾದ ಇಲ್ಕ್ಲಿ ಮೂರ್ ಎಂಬ ಗುಡ್ಡದ ಬಯಲು, ಕೆಳಗೆ ವಾರ್ಫ್ ನದಿ, ಲೀಡ್ಸಿಗೆ ಅರ್ಧ ಗಂಟೆಯ ವಿದ್ಯುತ್ ರೈಲು. ಸೌಂದರ್ಯಕ್ಕೆ ನಾನೂ ತಲೆಬಾಗುತ್ತೇನೆ, ಆದರೆ ಇಲ್ಲಿ ಕೆಲವು ಲೆಕ್ಕಗಳನ್ನು ಮಾಡಲೇಬೇಕು. ವಿಳಾಸದ ಪೋಸ್ಟ್‌ಕೋಡ್ ಎಲ್‌ಎಸ್ 29 ಎಂದು ಲೀಡ್ಸಿನದೇ ಆಗಿದ್ದರೂ ಇಲ್ಕ್ಲಿ, ಬರ್ಲಿ ಮತ್ತು ಮೆನ್‌ಸ್ಟನ್‌ಗಳು ಬ್ರಾಡ್‌ಫರ್ಡ್ ಕೌನ್ಸಿಲ್ಲಿಗೆ ಸೇರಿವೆ. ಶಾಲೆಯ ಅರ್ಜಿ, ಕೌನ್ಸಿಲ್ ತೆರಿಗೆ, ಕಸದ ಬುಟ್ಟಿ ಎಲ್ಲವೂ ಬ್ರಾಡ್‌ಫರ್ಡಿನ ಕೈಯಲ್ಲಿ. ನದಿಯ ಒಂದು ಭಾಗಕ್ಕೆ 2020ರಲ್ಲಿ ಅಧಿಕೃತ ಸ್ನಾನಯೋಗ್ಯ ತಾಣದ ಮಾನ್ಯತೆ ದೊರೆತದ್ದು ಇಂಗ್ಲೆಂಡಿನ ನದಿಗಳಲ್ಲೇ ಮೊದಲು, ಆದರೆ ಅನಂತರದ ಪರೀಕ್ಷೆಗಳಲ್ಲಿ ನೀರು ಕಳಪೆ ದರ್ಜೆಯದೆಂದು ಬಂದಿದೆ, ಆದ್ದರಿಂದ ಮಕ್ಕಳನ್ನು ಅದರಲ್ಲಿ ಇಳಿಸುವ ಯೋಚನೆ ಬೇಡ. ವಿಕ್ಟೋರಿಯಾ ಕಾಲದ ಕಲ್ಲಿನ ಮನೆ ನೋಡಲು ಎಷ್ಟು ಚೆಂದವೋ ಬಿಸಿಮಾಡಲು ಅಷ್ಟೇ ಖರ್ಚಿನದು. ಬಾಡಿಗೆಗೆ ಕೊಡುವ ಮನೆಗೆ, ಇಂಧನದ ಮಿತವ್ಯಯವನ್ನು ಅಳೆಯುವ ಶಕ್ತಿಪ್ರಮಾಣಪತ್ರದಲ್ಲಿ ಕನಿಷ್ಠ ಇ ದರ್ಜೆ ಇರಬೇಕೆಂಬುದು ನಿಯಮ, ಆದರೆ ಸಿ ದರ್ಜೆಯ ಮನೆಗೂ ಇ ದರ್ಜೆಯ ಮನೆಗೂ ಇರುವ ವ್ಯತ್ಯಾಸ ಜನವರಿಯ ಗ್ಯಾಸ್ ಬಿಲ್ಲಿನಲ್ಲಿ ಚೆನ್ನಾಗಿ ಅರಿವಿಗೆ ಬರುತ್ತದೆ.

ಮಳೆಯ ವಿಷಯದಲ್ಲಿ ಕನ್ನಡಿಗರಿಗೆ ಹೆಚ್ಚು ವಿವರಣೆ ಬೇಕಿಲ್ಲ. ಪಶ್ಚಿಮದ ಸಮುದ್ರದಿಂದ ಬಂದ ಮೋಡಗಳು ಸಹ್ಯಾದ್ರಿಗೆ ತಾಗಿ ಮಲೆನಾಡನ್ನು ತೋಯಿಸಿ, ಬಯಲುಸೀಮೆಗೆ ಬರುವಷ್ಟರಲ್ಲಿ ಹಗುರಾಗುವಂತೆಯೇ ಇಲ್ಲಿಯೂ ಪೆನೈನ್ ಬೆಟ್ಟಸಾಲು ಕೆಲಸ ಮಾಡುತ್ತದೆ. ಬೆಟ್ಟಕ್ಕೆ ಹತ್ತಿರವಾದ ಸ್ಕಿಪ್ಟನ್ ಮತ್ತು ಇಲ್ಕ್ಲಿ ಹೆಚ್ಚು ತೋಯುತ್ತವೆ, ಗಾರ್‌ಫರ್ತ್ ಮತ್ತು ಯಾರ್ಕ್ ಕಡಿಮೆ. ಬೆಳಕಿನಲ್ಲಿ ಮಾತ್ರ ಎಲ್ಲ ಊರುಗಳೂ ಒಂದೇ: ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಮಧ್ಯಾಹ್ನ ಸುಮಾರು ಮೂರೂಮುಕ್ಕಾಲಕ್ಕೆ.

ಇಲ್ಕ್ಲಿಯ ಕೆಳಗಿನ ಆಟ್ಲಿ ಅದೇ ಕಣಿವೆಯ ಅಗ್ಗದ ಊರು, ಒಳ್ಳೆಯ ಊರೂ ಹೌದು, ಲೀಡ್ಸ್ ಕೌನ್ಸಿಲ್ಲಿಗೇ ಸೇರಿದೆ. ಆದರೆ ಅದರ ರೈಲು ನಿಲ್ದಾಣ 1965ರಲ್ಲಿ ಮುಚ್ಚಿಹೋಯಿತು. ಇಬ್ಬರೂ ಕಾರು ಓಡಿಸುವಂತಾದ ಮೇಲೆ ಯೋಚಿಸಬಹುದಾದ ಜಾಗ.

ಹ್ಯಾರೋಗೇಟ್ ಉಪನಗರವಲ್ಲ, ತನ್ನದೇ ಆದ ಪಟ್ಟಣ. ಖನಿಜಯುಕ್ತ ನೀರಿನ ಬುಗ್ಗೆಗಳಿಂದ ಹೆಸರು ಪಡೆದ ಊರು. ನಡುವೆ ಹರಡಿರುವ ಸ್ಟ್ರೇ ಎಂಬ 200 ಎಕರೆ ಹುಲ್ಲುಗಾವಲಿನಲ್ಲಿ ಮನೆ ಕಟ್ಟದಂತೆ 1778ರ ಕಾನೂನು ತೀರ್ಪೊಂದು ಕಾಯುತ್ತ ಬಂದಿದೆ. ಜಿಲ್ಲಾಸ್ಪತ್ರೆಯಿದೆ, ಎಲ್ಲ ಬಗೆಯ ಅಂಗಡಿಗಳಿವೆ, ಕಾರಿಲ್ಲದವರೂ ಊರೊಳಗೆ ಆರಾಮವಾಗಿ ಬಾಳಬಹುದು. ಅಲ್ಲಿಯೇ ಕೆಲಸ ಸಿಕ್ಕವರಿಗೆ ಹ್ಯಾರೋಗೇಟ್ ಬಿಟ್ಟು ಬೇರೆ ಕಡೆ ನೋಡಬೇಡಿ ಎನ್ನುತ್ತೇನೆ. ಆದರೆ ಲೀಡ್ಸಿನಲ್ಲಿ ಕೆಲಸವಿದ್ದು, ಹೆಸರು ಕೇಳಿ ಹ್ಯಾರೋಗೇಟಿಗೆ ಹೋಗುವವರು ರೈಲಿನಲ್ಲಿ ಒಂದು ದಿಕ್ಕಿಗೆ ಸುಮಾರು 35 ನಿಮಿಷ, ಮನೆಯಿಂದ ನಿಲ್ದಾಣಕ್ಕೆ ಮತ್ತು ನಿಲ್ದಾಣದಿಂದ ಕೆಲಸಕ್ಕೆ ನಡೆಯುವ ಹೊತ್ತು, ತಪ್ಪಿದ ರೈಲಿಗಾಗಿ ಅರ್ಧ ಗಂಟೆಯ ಕಾಯುವಿಕೆ ಇವನ್ನೆಲ್ಲ ಕೂಡಿಸಿ ನೋಡಬೇಕು. ಆ ಹೊತ್ತು ಬರುವುದು ಮಗುವಿನ ಊಟ ಮತ್ತು ನಿದ್ದೆಯ ನಡುವಿನ, ಅಪ್ಪನೋ ಅಮ್ಮನೋ ಜೊತೆಗಿರಬೇಕಾದ ಹೊತ್ತಿನಿಂದ.

ಮೊದಲು ಬಾಡಿಗೆ, ಆಮೇಲೆ ಖರೀದಿ

ಯಾವ ಊರೇ ಆಗಲಿ, ಮೊದಲ ವರ್ಷ ಬಾಡಿಗೆಗೇ ಇರಿ. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯ ಮುಂಗಡ ಠೇವಣಿ, ವಾರ್ಷಿಕ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿದ್ದರೆ, ಐದು ವಾರಗಳ ಬಾಡಿಗೆಯನ್ನು ಮೀರುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿಗೆ ಹೋಲಿಸಿದರೆ ಮನೆ ಬದಲಿಸುವುದು ಇಲ್ಲಿ ಹಗುರ. ಖರೀದಿಯ ಅವಸರಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ದರಗಳಂತೆ 3,00,000 ಪೌಂಡಿನ ಮನೆಗೆ ಮುದ್ರಾಂಕ ತೆರಿಗೆ 5,000 ಪೌಂಡ್. ಜೀವನದಲ್ಲಿ ಮೊದಲ ಬಾರಿಗೆ ಮನೆ ಕೊಳ್ಳುವವರಿಗೆ ಅದೂ ಇಲ್ಲ. ಆದರೆ ಈ ರಿಯಾಯಿತಿಗೆ ಪ್ರಪಂಚದ ಯಾವ ಮೂಲೆಯಲ್ಲೂ ಮನೆ ಹೊಂದಿದ್ದಿರಬಾರದು. ಬೆಂಗಳೂರಿನಲ್ಲಿ ಗಂಡ ಅಥವಾ ಹೆಂಡತಿಯ ಹೆಸರಿನಲ್ಲಿ 40,000 ಪೌಂಡಿಗೆ ಕಡಿಮೆಯಿಲ್ಲದ ಬೆಲೆಯ ಫ್ಲ್ಯಾಟೊಂದು ಇದ್ದರೆ, ಇಲ್ಲಿನ ಮನೆ ಎರಡನೆಯ ಮನೆಯೆಂದು ಎಣಿಕೆಯಾಗಿ ಪೂರ್ತಿ ಬೆಲೆಯ ಮೇಲೆ ಇನ್ನೂ ಶೇಕಡಾ 5 ಸೇರುತ್ತದೆ. ಅಲ್ಲಿಗೆ ತೆರಿಗೆ 20,000 ಪೌಂಡ್. ಖರೀದಿಗೆ ಮುಂಚಿನ 12 ತಿಂಗಳಲ್ಲಿ 183 ದಿನಗಳಷ್ಟು ಬ್ರಿಟನ್ನಿನಲ್ಲಿ ಇಲ್ಲದಿದ್ದರೆ ಹೊರದೇಶದವರ ಲೆಕ್ಕದಲ್ಲಿ ಮತ್ತೆ ಶೇಕಡಾ 2. ಇದನ್ನು ಸಾಲದ ಅರ್ಜಿ ಹಾಕಿದ ಮೇಲೆ ವಕೀಲರ ಬಾಯಿಂದ ಕೇಳುವುದಕ್ಕಿಂತ ಊರಿನಲ್ಲಿದ್ದಾಗಲೇ ತಿಳಿದಿರುವುದು ಮೇಲು.

ಕೊಳ್ಳುವ ಹಂತಕ್ಕೆ ಬಂದಾಗ ಆಟ್ಲಿಯಲ್ಲಿ ವಾರ್ಫ್ ನದಿಯ, ಕರ್ಕ್‌ಸ್ಟಾಲ್ ಕಡೆ ಏರ್ ನದಿಯ ಪ್ರವಾಹದ ನಕಾಶೆಯನ್ನು ನೋಡಿ. 2015ರ ಕ್ರಿಸ್‌ಮಸ್‌ನ ಮರುದಿನ ಕರ್ಕ್‌ಸ್ಟಾಲ್ ರಸ್ತೆ ನೀರಿನಲ್ಲಿ ಮುಳುಗಿತ್ತು. ಗಾರ್‌ಫರ್ತ್ ಮತ್ತು ಮಾರ್ಲಿಗಳ ನೆಲದಡಿಯಲ್ಲಿ ಒಂದು ಕಾಲಕ್ಕೆ ಕಲ್ಲಿದ್ದಲು ತೆಗೆದಿದ್ದಾರೆ, ಆದ್ದರಿಂದ ಗಣಿಗಾರಿಕೆಯ ದಾಖಲೆ ತೆಗೆಸಿ. ಕೊಳ್ಳುವವರೂ ಮಾರುವವರೂ ಸಹಿ ಮಾಡಿದ ಒಪ್ಪಂದ ವಿನಿಮಯವಾಗುವವರೆಗೂ ಯಾವ ಕಡೆಯವರೂ ಹಿಂದೆ ಸರಿಯಬಹುದು. ಬೆಲೆ ಒಪ್ಪಿದಂದಿನಿಂದ ಬೀಗದ ಕೈ ಸಿಗುವವರೆಗೆ ಮೂರು ನಾಲ್ಕು ತಿಂಗಳು ಹಿಡಿಯುವುದು ಸಾಮಾನ್ಯ. ಮಗು ಪ್ರಾಥಮಿಕ ಶಾಲೆಯ ಆರನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ, ಅಂದರೆ ಅಕ್ಟೋಬರ್ 31ರೊಳಗೆ, ಮಾಧ್ಯಮಿಕ ಶಾಲೆಯ ಅರ್ಜಿಯಲ್ಲಿ ಹೊಸ ವಿಳಾಸವನ್ನೇ ಕೊಡಬೇಕೆಂದಿದ್ದರೆ, ಅದೇ ವರ್ಷದ ಮೇ ತಿಂಗಳು ಮುಗಿಯುವ ಮುನ್ನ ಮನೆ ಗೊತ್ತಾಗಿರಬೇಕು.